ದ್ವೀಪದ ಮನೆಯೋ, ಪೇಟೆಯ ಮನೆಯೋ?

ಪರದೇಶದಲ್ಲಿ ನೆಲೆ ನಿಂತ ಮಕ್ಕಳು ಮನೆ ಕೊಳ್ಳುವ ಮುಂಚೆ ಊರಿನಲ್ಲಿರುವ ತಂದೆತಾಯಿಯರ ಅಭಿಪ್ರಾಯ ಕೇಳುತ್ತಾರೆ. ಆ ಅಭಿಪ್ರಾಯದಂತೆ ನಡೆಯುತ್ತಾರೋ ಇಲ್ಲವೋ, ಅದು ಬೇರೆ ಮಾತು, ಕೇಳುವುದಂತೂ ಉಂಟು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಎಷ್ಟೋ ಮನೆಗಳಿಗೆ ಇಂಥ ಕರೆ ಬಂದಿರುತ್ತದೆ. ಈ ಹೊತ್ತು ಅಂಥದೊಂದು ಪ್ರಶ್ನೆಯನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ. ಮಗ, ಸೊಸೆ, ಎಂಟು ವರ್ಷದ ಮೊಮ್ಮಗಳು ಅಮೆರಿಕದ ಸಿಯಾಟಲ್ ನಗರದ ಮಗ್ಗುಲಲ್ಲಿದ್ದಾರೆನ್ನಿ. ಮಗನಿಗೆ ನಗರದ ಗದ್ದಲ ಸಾಕಾಗಿದೆ. ಎದುರಿನ ಕೊಲ್ಲಿಯಲ್ಲಿ ಬೇನ್‌ಬ್ರಿಜ್ ಎಂಬ ದ್ವೀಪವಿದೆ. ಕಾಡು, ಮೌನ, ಸುತ್ತಲೂ ಸಮುದ್ರ, ಒಳ್ಳೆಯ ಶಾಲೆ. "ಅಪ್ಪಾ, ಅದು ಥೇಟು ನಮ್ಮೂರಿನ ಹಾಗೇ ಇದೆ" ಎನ್ನುತ್ತಾನೆ. ನೀವು ಏನು ಹೇಳುವಿರಿ?

ಈ ಸಂಸಾರ ಯಾವುದೆಂದು ನೀವು ಹುಡುಕಲು ಹೊರಡಬೇಡಿ. ಮಾತಿನ ಅನುಕೂಲಕ್ಕೆ ಕಲ್ಪಿಸಿಕೊಂಡದ್ದು ಅದು. ದ್ವೀಪ ಮಾತ್ರ ನಿಜವಾದದ್ದು. ಅದರ ವಿಷಯ ಹೇಳುವ ಅಂಕಿಸಂಖ್ಯೆಗಳೂ ನಿಜವಾದವು.

ಮೊದಲು "ನಮ್ಮೂರಿನ ಹಾಗೇ" ಎಂಬ ಮಾತನ್ನೇ ಸ್ವಲ್ಪ ತಿರುವಿ ನೋಡೋಣ. ಸಿಯಾಟಲ್ಲಿಗೆ ಅಮೆರಿಕದಲ್ಲಿ ಮಳೆಯ ಊರೆಂಬ ಹೆಸರಿದೆ. ವರ್ಷಕ್ಕೆ ಸುಮಾರು ೪೦ ಅಂಗುಲ ಮಳೆಗೆ ಇಷ್ಟು ಹೆಸರು! ಶಿರಸಿಯಲ್ಲಿ ನೂರು ಅಂಗುಲದ ಆಸುಪಾಸು ಬೀಳುತ್ತದೆ. ನಾವು ಅದಕ್ಕೆ ಮಳೆಗಾಲವೆಂದಷ್ಟೇ ಹೇಳುತ್ತೇವೆ. ಆದರೂ ಅಲ್ಲಿಯ ಹಸಿರು ದಟ್ಟವಾದದ್ದು, ಬೆಟ್ಟಗಳು ಹತ್ತಿರದವು, ಮೋಡ ಮರಗಳ ತಲೆಯ ಮೇಲೇ ಕೂತಿರುತ್ತದೆ. ಅಲ್ಲಿಗೆ ಹೋದ ಕನ್ನಡಿಗರು ತಮ್ಮ ಸಂಘಕ್ಕೆ ಸಹ್ಯಾದ್ರಿ ಕನ್ನಡ ಸಂಘವೆಂದು ಹೆಸರಿಟ್ಟುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಆದಕಾರಣ ಘಟ್ಟದ ಹುಡುಗನಿಗೆ ಆ ದ್ವೀಪವನ್ನು ಕಂಡ ಕೂಡಲೇ ತೋಟದ ಮನೆ ನೆನಪಾಗುವುದು ಸಹಜವೇ. ಅವನು ಸುಳ್ಳು ಹೇಳುತ್ತಿಲ್ಲ. ಆದರೆ ಅವನಿಗೆ ನೆನಪಾಗುವುದು ಯಾವ ಮನೆ ಎಂಬುದನ್ನು ವಿಚಾರಿಸಬೇಕು.

ನಮ್ಮ ಸೀಮೆಯ ಒಂಟಿಮನೆಗಳನ್ನು ನೀವು ಬಲ್ಲಿರಿ. ಬಯಲುಸೀಮೆಯವರ ಊರೆಂದರೆ ಬೀದಿ, ಚಾವಡಿ, ಸಾಲುಮನೆ. ನಮ್ಮಲ್ಲಿ ಊರೆಂದರೆ ಒಂದು ಕಣಿವೆಯಲ್ಲಿ ಒಂದು ತೋಟ, ಅದರ ತಲೆಗೆ ಒಂದು ಮನೆ. ಇನ್ನೊಂದು ಕಣಿವೆಯಲ್ಲಿ ಇನ್ನೊಂದು. ನಡುವೆ ಬೆಟ್ಟ, ಹಳ್ಳ. ಜ್ಯೇಷ್ಠದ ಜಡಿಮಳೆ ಹಿಡಿಯಿತೆಂದರೆ ಪ್ರತಿಯೊಂದು ಮನೆಯೂ ಒಂದೊಂದು ದ್ವೀಪವಾಗುತ್ತಿತ್ತು. ಅಡಿಕೆಯ ದಬ್ಬೆಯನ್ನು ಅಡ್ಡ ಹಾಕಿ ಮಾಡಿದ ಕಾಲುಸಂಕವೇ ದಾರಿ. ಹಳ್ಳ ಉಕ್ಕಿದ ದಿನ ಆ ದಾರಿಯೂ ಇಲ್ಲ. ಆದುದರಿಂದ ಮೇ ತಿಂಗಳು ಮುಗಿಯುವುದರೊಳಗೆ ಒಲೆಗೆ ಕಟ್ಟಿಗೆ, ಕೊಟ್ಟಿಗೆಗೆ ದರಕು, ಅಟ್ಟದ ಮೇಲೆ ಹಲಸಿನ ಹಪ್ಪಳ, ಭರಣಿಯಲ್ಲಿ ಮಾವಿನ ಮಿಡಿ, ಡಬ್ಬದಲ್ಲಿ ಬೆಲ್ಲ, ಉಪ್ಪು, ಸೀಮೆಎಣ್ಣೆ ಎಲ್ಲವೂ ಸೇರಿರಬೇಕು. ಕಡಲ ನಡುವೆ ಹೋಗುವ ಹಡಗಿಗೂ ಇಷ್ಟು ಜಾಗ್ರತೆಯ ಸರಂಜಾಮು ಬೇಕಾಗಿರಲಿಕ್ಕಿಲ್ಲ!

ಆ ಬದುಕನ್ನು ಜನ ಸಹಿಸಿದರು, ಸಂತೋಷದಿಂದಲೇ ಬದುಕಿದರು. ಹೇಗೆ ಸಾಧ್ಯವಾಯಿತು? ಮನೆಯೊಳಗೆ ಜನವಿದ್ದರು. ಅಜ್ಜ, ಅಜ್ಜಿ, ದೊಡ್ಡಪ್ಪ, ಚಿಕ್ಕಪ್ಪ, ಅವರ ಹೆಂಡಂದಿರು, ಹತ್ತು ಹದಿನೈದು ಮಕ್ಕಳು, ಓದಲು ಬಂದುಳಿದ ನೆಂಟರ ಹುಡುಗ, ಕೆಲಸದವರು. ಒಬ್ಬಳು ಬಾಣಂತಿಯಾದರೆ ಅಡುಗೆಗೆ ನಾಲ್ವರಿದ್ದರು. ಗಂಡಸೊಬ್ಬ ಜ್ವರದಲ್ಲಿ ಮಲಗಿದರೆ ತೋಟಕ್ಕೆ ಇಳಿಯಲು ಇಬ್ಬರಿದ್ದರು. ಮಕ್ಕಳಿಗೆ ಆಟಕ್ಕೆ ಹೊರಗಿನವರೇ ಬೇಕಾಗಿರಲಿಲ್ಲ. ಹಳ್ಳ ಇಳಿದ ಮೇಲೆ ನೆರೆಮನೆಯವರು ಮುಯ್ಯಾಳಿಗೆ ಬರುತ್ತಿದ್ದರು. ಅದು ಜನ ತುಂಬಿದ ದ್ವೀಪ.

ನಮ್ಮ ಮಗನ ನೆನಪಿನಲ್ಲಿರುವುದು ಆ ದ್ವೀಪ. ಅದರಲ್ಲೂ ಬೇಸಿಗೆಯ ರಜೆಯದು: ಕಾನಿನ ಹಣ್ಣು, ಅಬ್ಬಿಯ ನೀರು, ಪಕ್ಕದೂರಿನಲ್ಲಿ ರಾತ್ರಿಯೆಲ್ಲ ಯಕ್ಷಗಾನ. ಬೇನ್‌ಬ್ರಿಜ್ಜಿಗೆ ಅವನು ಕೊಂಡೊಯ್ಯುವುದು ಮೂರು ಜನರನ್ನು. ಅವರಲ್ಲಿ ಒಬ್ಬನು ಬೆಳಗ್ಗೆ ಎದ್ದು ನಗರಕ್ಕೆ ಕೆಲಸಕ್ಕೆ ಹೋಗತಕ್ಕವನು. ಹಗಲೆಲ್ಲ ದ್ವೀಪದಲ್ಲಿ ಉಳಿಯುವವರು ಯಾರು? ಮಗು ಶಾಲೆಗೆ ಹೋದ ಮೇಲೆ ಉಳಿಯುವವಳು ಒಬ್ಬಳೇ.

ಅವಳ ಮಾತನ್ನು ಇಲ್ಲಿಯೇ ಆಡಿಬಿಡುತ್ತೇನೆ, ಏಕೆಂದರೆ ಇಂಥ ಸಮಾಲೋಚನೆಗಳಲ್ಲಿ ಅದು ಕಡೆಗೆ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ನಮ್ಮ ತೋಟಿಗರ ಮನೆಗಳಲ್ಲಿ ಮದುವೆಗೆ ಹುಡುಗಿ ಸಿಗುವುದಿಲ್ಲವೆಂಬ ಕೊರಗು ನಿಮಗೆ ಹೊಸದಲ್ಲ. ಹೊರರಾಜ್ಯಗಳ ಕಡೆ ವಧುಗಳನ್ನು ಹುಡುಕುವ ಯೋಚನೆಯ ಸುದ್ದಿಯೂ ಪತ್ರಿಕೆಗಳಲ್ಲಿ ಬಂದದ್ದುಂಟು. ಹುಡುಗಿಯರಿಗೆ ಪೇಟೆಯ ಥಳಕು ಬೇಕು, ಅದಕ್ಕೇ ತೋಟದ ಮನೆ ಒಲ್ಲೆನೆನ್ನುತ್ತಾರೆ ಎಂದು ಹಿರಿಯರು ಗೊಣಗುವುದುಂಟು. ನನಗೆ ಆ ವಿವರಣೆ ಒಪ್ಪಿಗೆಯಾಗಿಲ್ಲ. ತೋಟವನ್ನು ಅವರು ಬೇಡವೆಂದದ್ದಕ್ಕಿಂತ, ಪ್ರತಿಯೊಂದು ಸಣ್ಣ ಕೆಲಸಕ್ಕೂ ಇನ್ನೊಬ್ಬರ ಬೈಕನ್ನು, ಇನ್ನೊಬ್ಬರ ಬಿಡುವನ್ನು ಕಾಯುವ ಬಾಳನ್ನು ಬೇಡವೆಂದರು. ಡಾಕ್ಟರಲ್ಲಿಗೆ ಹೋಗುವುದಕ್ಕೂ, ಗೆಳತಿಯನ್ನು ಕಾಣುವುದಕ್ಕೂ, ಕಲಿತ ವಿದ್ಯೆಗೆ ತಕ್ಕ ನಾಲ್ಕು ಕಾಸಿನ ಕೆಲಸ ಮಾಡುವುದಕ್ಕೂ ಯಾರೋ ಕರೆದುಕೊಂಡು ಹೋಗಬೇಕು. ನಮ್ಮ ಕಥೆಯ ಸೊಸೆ ಇದೇ ಕಾರಣಕ್ಕೆ ಊರಿನ ತೋಟದ ವರನನ್ನು ಬಿಟ್ಟು ಸಿಯಾಟಲ್ಲಿನವನನ್ನು ಒಪ್ಪಿದಳೆನ್ನಿ. ಅಲ್ಲಿ ಕಾರು ಬಿಡಲು ಕಲಿತಳು, ಕೆಲಸ ಹಿಡಿದಳು, ಹತ್ತು ಮನೆಯ ಬಳಕೆ ಬೆಳೆಯಿತು. ಹನ್ನೆರಡು ವರ್ಷವಾದ ಮೇಲೆ ಗಂಡನು ಸಡಗರದಿಂದ ಬಂದು ದ್ವೀಪಕ್ಕೆ ಹೋಗೋಣವೆನ್ನುತ್ತಾನೆ! ಫೋನಿನ ಆ ತುದಿಯಲ್ಲಿ ಅವಳು ಸುಮ್ಮನಿರುವುದಕ್ಕೆ ಅರ್ಥವಿದೆ. ಅವಳನ್ನು ಬೇರೆಯಾಗಿ ಕೇಳಿರಿ. ನಗುತ್ತ "ಅವರಿಷ್ಟ" ಎಂದಳಾದರೆ ಇನ್ನೊಮ್ಮೆ ಕೇಳಿರಿ.

ನಮ್ಮ ಮಗ್ಗುಲಲ್ಲೇ ನಿಜವಾದ ನಡುಗಡ್ಡೆಯ ಬದುಕು ಕಂಡವರಿದ್ದಾರೆ. ಸಿದ್ದಾಪುರದಿಂದ ಜೋಗದ ಆಚೆ ಸಾಗರ ತಾಲೂಕು. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿ ಹಿಂದೆ ಸರಿದು ಹರಡಿಕೊಂಡಳು. ಎಷ್ಟೋ ಊರುಗಳು ನೀರೊಳಗಾದವು. ತುಮರಿಯ ಕಡೆಯವು ನೀರಾಚೆ ಉಳಿದವು. ಕತ್ತಲೆಗೆ ಹೆದರಿದ ನಾಡಿಗೆ ದೀಪ ಕೊಟ್ಟ ಜನ ತಾವು ಸಂಜೆಯಾದ ಮೇಲೆ ಹೊಳೆ ದಾಟುವಂತಿರಲಿಲ್ಲ. ಹೊಳೆಬಾಗಿಲಿನಲ್ಲಿ ಲಾಂಚು ಇತ್ತು, ನಿಜ. ಸಿಗಂದೂರಿಗೆ ಹೋದವರೆಲ್ಲ ಅದರಲ್ಲಿ ಕಾರು ಸಮೇತ ದಾಟಿ, ಗಾಳಿ ಕುಡಿದು, ಪಟ ತೆಗೆಸಿಕೊಂಡು, ಎಂಥ ಸೊಗಸೆಂದು ಹೊಗಳಿ ಬಂದವರೇ. ಆದರೆ ಲಾಂಚಿಗೆ ರಾತ್ರಿಯಿರಲಿಲ್ಲ. ಹೆರಿಗೆಗೂ ಎದೆನೋವಿಗೂ ರಾತ್ರಿಯುಂಟು. ಸುಮಾರು ಅರವತ್ತು ವರ್ಷ ಕಾದ ಮೇಲೆ, ೨೦೨೫ರ ಜುಲೈ ೧೪ರಂದು ಅಂಬಾರಗೋಡ್ಲು ಕಳಸವಳ್ಳಿಗಳ ನಡುವಿನ ಸೇತುವೆ ತೆರೆಯಿತು. ಹತ್ತಿರ ಹತ್ತಿರ ಎರಡೂವರೆ ಕಿಲೋಮೀಟರು ಉದ್ದದ್ದು. ಯಾತ್ರಿಕನ ಸೊಗಸೂ ನಿವಾಸಿಯ ಸಂಕಟವೂ ಒಂದೇ ಲಾಂಚಿನಲ್ಲಿ ಅಕ್ಕಪಕ್ಕ ಕುಳಿತು ದಾಟುತ್ತಿದ್ದವು. ಮನೆ ಕೊಳ್ಳುವವನು ಇವೆರಡರಲ್ಲಿ ಯಾವುದನ್ನು ನೋಡಿ ಕೊಳ್ಳಬೇಕು?

ಇದೇ ತುಮರಿಯಿಂದ ಕಿನ್ನರ ಮೇಳವೆಂಬ ನಾಟಕ ತಂಡ ಹೊರಟು ಶಾಲೆಶಾಲೆಗೆ ಹೋಗಿ ಮಕ್ಕಳಿಗೆ ನಾಟಕ ತೋರಿಸಿದೆ. ನೀರಿನಾಚೆ ಇದ್ದ ಮಾತ್ರಕ್ಕೆ ಜನ ಮಂಕಾಗುವುದಿಲ್ಲ. ನಾಲ್ಕು ಜನ ಸಮಾನ ಮನಸ್ಕರು ಒಂದೆಡೆ ಸಿಕ್ಕಿಬಿದ್ದರೆ ಪೇಟೆಯಲ್ಲಿ ಆಗದ ಕೆಲಸ ಅಲ್ಲಿ ಆಗುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸೇತುವೆ ಇದ್ದವರ ಮಾತು ಕೇಳಿ. ಯಲ್ಲಾಪುರ ತಾಲೂಕಿನ ಗುಳ್ಳಾಪುರದಲ್ಲಿ ಗಂಗಾವಳಿಗೆ ಸೇತುವೆಯಿತ್ತು. ೨೦೨೧ರ ಜುಲೈ ನೆರೆಯಲ್ಲಿ ಅದು ಕೊಚ್ಚಿಹೋಯಿತು. ಆಚೆ ದಡದ ಹಳ್ಳಿಗಳು ಒಂದು ರಾತ್ರಿಯಲ್ಲಿ ದ್ವೀಪವಾದವು. ಅದೇ ಮಳೆಯಲ್ಲಿ ಕಳಚೆಯಲ್ಲಿ ಗುಡ್ಡವೇ ಜರಿದು ತೋಟ, ಮನೆ, ದಾರಿ ಒಂದೂ ಗುರುತಿಲ್ಲದಂತಾಯಿತು. ನೆಲದ ಮೇಲಿದ್ದೇವೆಂಬ ಧೈರ್ಯಕ್ಕೂ ಒಂದು ಮಿತಿಯಿದೆಯೆಂಬುದನ್ನು ನಮ್ಮ ಜನ ಆ ವಾರ ಕಂಡರು.

ಇನ್ನು ಸಿಯಾಟಲ್ಲಿಗೆ ಹೋಗೋಣ. ಬೇನ್‌ಬ್ರಿಜ್ ದ್ವೀಪದಲ್ಲಿ ಸುಮಾರು ೨೫,೦೦೦ ಜನವಿದ್ದಾರೆ. ನಗರದ ದಕ್ಕೆಯಿಂದ ಸರ್ಕಾರದ ದೊಡ್ಡ ದೋಣಿ, ನೂರಾರು ಕಾರು ಹಿಡಿಸುವಂಥದು, ೩೫ ನಿಮಿಷದಲ್ಲಿ ದಾಟಿಸುತ್ತದೆ. ಇನ್ನೊಂದು ಮಗ್ಗುಲಿಗೆ ೧೯೫೦ರಲ್ಲಿ ಕಟ್ಟಿದ ಅಗೇಟ್ ಪಾಸ್ ಸೇತುವೆಯಿದೆ. ಅದರ ಮೂಲಕ ಪಶ್ಚಿಮದ ನೆಲಕ್ಕೆ ಹೋಗಬಹುದು, ಆದರೆ ನಗರಕ್ಕೆ ಅದು ಬಲು ಸುತ್ತು. ದೋಣಿಯ ವಿಷಯದಲ್ಲಿ ಒಂದು ತಮಾಷೆಯಿದೆ. ನಡೆದು ಹತ್ತುವ ಪ್ರಯಾಣಿಕನಿಂದ ನಗರ ಬಿಟ್ಟು ದ್ವೀಪಕ್ಕೆ ಹೋಗುವಾಗ ಮಾತ್ರ ದುಡ್ಡು ವಸೂಲು ಮಾಡುತ್ತಾರೆ. ದ್ವೀಪದಿಂದ ನಗರಕ್ಕೆ ಬರುವಾಗ ಬಿಟ್ಟಿ. ಬಂದವನಿಂದ ಮೊದಲೇ ಎಣಿಸಿಕೊಂಡು, ಬೇಸತ್ತು ಹೊರಡುವವನನ್ನು ತಡೆಯುವುದಿಲ್ಲ!

೩೫ ನಿಮಿಷವೆಂದಾಗ ಮಗನು ಬರೀ ದೋಣಿಯ ಹೊತ್ತನ್ನು ಹೇಳುತ್ತಿದ್ದಾನೆ. ದಕ್ಕೆಯಲ್ಲಿ ಕಾರಿನ ಸಾಲು, ಒಂದು ದೋಣಿ ತಪ್ಪಿದರೆ ಮುಂದಿನದಕ್ಕೆ ಕಾಯುವುದು, ಇಳಿದ ಮೇಲಿನ ದಾರಿ, ಇವನ್ನು ಅವನು ಎಣಿಸಿಲ್ಲ. ಕಚೇರಿ ಸಿಯಾಟಲ್ ಪೇಟೆಯ ನಡುವೆಯೇ ಇದ್ದು, ದಕ್ಕೆಯಿಂದ ನಡೆದು ಹೋಗುವಂತಿದ್ದರೆ ಸರಿ. ನಮ್ಮವರಲ್ಲಿ ಅನೇಕರ ಕಚೇರಿ ಇರುವುದು ರೆಡ್ಮಂಡಿನಲ್ಲಿ. ಅದು ನಗರದ ಆಚೆ, ವಾಷಿಂಗ್ಟನ್ ಸರೋವರದ ಆ ದಡದಲ್ಲಿ. ದ್ವೀಪದಿಂದ ಅಲ್ಲಿಗೆ ಹೋಗುವವನು ಒಂದು ಸಮುದ್ರವನ್ನೂ ಒಂದು ಸರೋವರವನ್ನೂ ದಿನಾಲು ಎರಡು ಬಾರಿ ದಾಟಬೇಕು. ಹನುಮಂತನು ಒಂದೇ ಬಾರಿ ದಾಟಿದನು, ಅದೂ ಸ್ವಾಮಿಕಾರ್ಯಕ್ಕೆ. ಈಚಿನ ವರ್ಷಗಳಲ್ಲಿ ಹಳೆಯ ದೋಣಿಗಳು ಕೆಟ್ಟು, ನಡೆಸುವ ಸಿಬ್ಬಂದಿ ಸಾಲದೆ, ಆ ರಾಜ್ಯದ ದೋಣಿ ಸಾರಿಗೆಯಲ್ಲಿ ಎಷ್ಟೋ ಪಾಳಿ ರದ್ದಾದದ್ದೂ ಉಂಟು. ಮನೆಯಿಂದಲೇ ಕೆಲಸ ಮಾಡುವ ಪದ್ಧತಿ ಬಂದಿದೆಯಲ್ಲ ಎನ್ನುತ್ತೀರಾ? ಬಂದಿದೆ. ೨೦೨೦ರಲ್ಲಿ ಕಂಪನಿಗಳು ಎಲ್ಲರನ್ನೂ ಮನೆಗೆ ಕಳಿಸಿದವು. ಆಮೇಲೆ ಒಂದೊಂದಾಗಿ ವಾರಕ್ಕೆ ಇಷ್ಟು ದಿನ ಬನ್ನಿರೆಂದು ಕರೆಯತೊಡಗಿದವು. ಕಂಪನಿಯ ಸುತ್ತೋಲೆಯನ್ನು ನಂಬಿ ಮೂವತ್ತು ವರ್ಷದ ಸಾಲ ಮಾಡುವುದು ಜಾಣತನವಾಗಲಾರದು. ಅಲ್ಲದೆ ದ್ವೀಪವೆಂದರೆ ಅಗ್ಗವೆಂದೂ ತಿಳಿಯಬೇಡಿ. ಬೇನ್‌ಬ್ರಿಜ್ ಸಿರಿವಂತರ ತಾಣ.

ಇಷ್ಟು ಕೇಳಿದ ಮೇಲೆ ನಗರವೇ ಮೇಲೆಂದು ನಿಮಗೆ ತೋರಬಹುದು. ಆದರೆ ನಗರವೆಂದು ನಾವು ಇಲ್ಲಿ ಕುಳಿತು ಊಹಿಸುವುದು ಒಂದು, ನಮ್ಮ ಮಕ್ಕಳು ಅಲ್ಲಿ ಇರುವುದು ಇನ್ನೊಂದು. ನಿಮಗೆ ಪೇಟೆಯೆಂದರೆ ಶಿರಸಿಯ ಪೇಟೆ: ಮನೆಯಿಂದ ಚಪ್ಪಲಿ ಮೆಟ್ಟಿ ಹೊರಟರೆ ಕಾಯಿಪಲ್ಲೆ, ಔಷಧಿ ಅಂಗಡಿ, ಮಾರಿಕಾಂಬೆಯ ಗುಡಿ, ಹಾದಿಯಲ್ಲಿ ಹತ್ತು ಪರಿಚಯದ ಮುಖ. ಮಕ್ಕಳಿರುವುದು ಸಿಯಾಟಲ್ಲಿನ ಸುತ್ತಲ ಬಡಾವಣೆಗಳಲ್ಲಿ. ಒಂದೇ ಅಚ್ಚಿನ ಮನೆಗಳು, ಅಚ್ಚುಕಟ್ಟಾದ ಹುಲ್ಲು, ಕಾಣುವಷ್ಟು ದೂರ ನರಪಿಳ್ಳೆಯಿಲ್ಲ. ಹಾಲಿಗೂ ಕಾರು, ಅಂಚೆಗೂ ಕಾರು. ಆರು ತಿಂಗಳಿಗೆಂದು ಹೋದ ಅಜ್ಜಿ ಕಿಟಕಿಯ ಬಳಿ ಕೂತು ಮಗ ಬರುವ ಹಾದಿ ನೋಡುತ್ತಾಳೆ. ಕಾರು ನಡೆಸಲರಿಯದವರಿಗೆ ಅದೂ ದ್ವೀಪವೇ, ಸುತ್ತ ನೀರಿನ ಬದಲು ಡಾಂಬರು ಇದೆ ಎಂಬುದಷ್ಟೇ ವ್ಯತ್ಯಾಸ. ಹೋಗಿ ಬಂದವರು ನಿಮ್ಮ ಕೇರಿಯಲ್ಲಿ ಯಾರಾದರೂ ಇರುತ್ತಾರೆ, ವಿಚಾರಿಸಿ ನೋಡಿ.

ಬೇನ್‌ಬ್ರಿಜ್ಜಿನಲ್ಲಿ ದೋಣಿ ನಿಲ್ಲುವ ವಿನ್ಸ್ಲೋ ಎಂಬ ಪುಟ್ಟ ಪೇಟೆಯೋ, ಕಾಲ್ನಡಿಗೆಯ ಪೇಟೆ. ದಕ್ಕೆಯಿಂದ ಏರಿ ಬಂದರೆ ಅಂಗಡಿ ಸಾಲು, ದಿನಸಿ, ಗ್ರಂಥಾಲಯ, ಕಾಫಿ, ಕೂತು ಜನರನ್ನು ನೋಡಲು ಕಲ್ಲುಬೆಂಚು. ಹೀಗೆ ನೋಡಿದರೆ ದ್ವೀಪದಲ್ಲಿ ಒಂದು ಪೇಟೆಯಿದೆ, ನಗರದ ಬಡಾವಣೆಯಲ್ಲಿ ಇಲ್ಲ! ಆದುದರಿಂದ ಮಗನನ್ನು ಕೇಳಬೇಕಾದ ಮೊದಲ ಪ್ರಶ್ನೆ, ಮನೆ ದ್ವೀಪದಲ್ಲಿದೆಯೋ ಎಂಬುದಕ್ಕಿಂತ, ದ್ವೀಪದಲ್ಲಿ ಎಲ್ಲಿದೆ ಎಂಬುದು. ವಿನ್ಸ್ಲೋದಿಂದ ನಡೆದು ಹೋಗುವಷ್ಟು ಹತ್ತಿರವೋ, ಕಾಡಿನೊಳಗೆ ಐದು ಮೈಲು ದೂರವೋ? ಮೊದಲನೆಯದಾದರೆ ಎಂಟು ವರ್ಷದ ಮಗು ನಾಲ್ಕು ವರ್ಷದಲ್ಲಿ ತಾನೇ ಗ್ರಂಥಾಲಯಕ್ಕೆ ಹೋಗಿ ಬಂದೀತು. ಎರಡನೆಯದಾದರೆ ತಾಯಿ ಹದಿನಾರರ ತನಕ ಅವಳ ಸಾರಥಿ.

ಆಸ್ಪತ್ರೆಯ ಮಾತಿಗೆ ನಮ್ಮ ಜಿಲ್ಲೆಯವರಿಗೆ ಪೀಠಿಕೆ ಬೇಡ. ದೊಡ್ಡ ಕಾಯಿಲೆಗೆ ಹುಬ್ಬಳ್ಳಿ, ಇಲ್ಲವೇ ಮಣಿಪಾಲ, ಮಂಗಳೂರು. ೨೦೨೨ರ ಜುಲೈಯಲ್ಲಿ ಶಿರೂರಿನ ಟೋಲ್ ಗೇಟಿನ ಬಳಿ ಆ್ಯಂಬುಲೆನ್ಸ್ ಅಪಘಾತವಾದ ಮೇಲೆ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ಜನ ಎದ್ದ ರೀತಿ ನಿಮಗೆ ನೆನಪಿರಬೇಕು. ಬೇನ್‌ಬ್ರಿಜ್ಜಿನಲ್ಲಿ ವೈದ್ಯರಿದ್ದಾರೆ, ಒಳರೋಗಿಗಳ ದೊಡ್ಡ ಆಸ್ಪತ್ರೆಯಿಲ್ಲ. ಸೇತುವೆ ದಾಟಿ ಸಿಲ್ವರ್‌ಡೇಲ್‌ಗೆ ಹೋಗಬೇಕು, ಇಲ್ಲವೇ ದೋಣಿಯಲ್ಲಿ ಸಿಯಾಟಲ್ಲಿಗೆ. ಪ್ರಾಣಕ್ಕೆ ಬಂದಾಗ ಹೆಲಿಕಾಪ್ಟರು ಬರುವುದುಂಟು. ನಲವತ್ತರ ದಂಪತಿಗಳಿಗೆ ಇದು ದೊಡ್ಡ ಮಾತಾಗಿ ಕಾಣುವುದಿಲ್ಲ. ಅವರು ಎಪ್ಪತ್ತರ ತಂದೆತಾಯಿಯರನ್ನು ಅಲ್ಲಿಗೇ ಕರೆಸಿಕೊಳ್ಳುವ ಯೋಚನೆಯಲ್ಲಿದ್ದರೆ ದೊಡ್ಡ ಮಾತೇ. ನಿಮ್ಮ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಮಗನಿಗೆ ನಾಚಿಕೆಯಿಲ್ಲದೆ ಹೇಳಿಬಿಡಿರಿ. ಅವನ ಲೆಕ್ಕಕ್ಕೆ ಆ ಅಂಕಿ ಬೇಕು.

ಪರದೇಶಿಯಾದವನಿಗೆ ದ್ವೀಪದ ನೆರೆಹೊರೆ ಹೇಗಿದ್ದೀತು ಎಂಬುದಕ್ಕೆ ಬೇನ್‌ಬ್ರಿಜ್ಜಿನಲ್ಲಿ ಒಂದು ಇತಿಹಾಸವಿದೆ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಜಪಾನಿನಿಂದ ಬಂದ ಸಂಸಾರಗಳು ಅಲ್ಲಿ ಸ್ಟ್ರಾಬೆರಿ ತೋಟ ಮಾಡಿ ಬೇರೂರಿದ್ದವು. ಯುದ್ಧ ಬಂದಿತು. ೧೯೪೨ರ ಮಾರ್ಚ್ ೩೦ರಂದು ಜಪಾನಿ ಮೂಲದ ೨೨೭ ಜನರನ್ನು, ಅಮೆರಿಕದಲ್ಲೇ ಹುಟ್ಟಿದ ಮಕ್ಕಳನ್ನೂ ಸೇರಿಸಿ, ಸೈನಿಕರು ದೋಣಿ ಹತ್ತಿಸಿದರು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಹೀಗೆ ಎಬ್ಬಿಸಲ್ಪಟ್ಟವರಲ್ಲಿ ಆ ದ್ವೀಪದವರೇ ಮೊದಲಿಗರು. ಅವರನ್ನು ಕ್ಯಾಲಿಫೋರ್ನಿಯದ ಮನ್ಜನಾರ್ ಶಿಬಿರಕ್ಕೆ ಸಾಗಿಸಿದರು. ಅಷ್ಟು ಸಣ್ಣ ಜಾಗದಲ್ಲಿ ಅಡಗಲು ಎಡೆಯಿರಲಿಲ್ಲ, ಜನಸಂದಣಿಯಲ್ಲಿ ಕರಗಲು ಸಂದಣಿಯೂ ಇರಲಿಲ್ಲ. ಆದರೆ ಅದೇ ದ್ವೀಪದ ಸಣ್ಣ ಪತ್ರಿಕೆ 'ಬೇನ್‌ಬ್ರಿಜ್ ರಿವ್ಯೂ' ಇದು ಅನ್ಯಾಯವೆಂದು ಆಗಲೇ ಬರೆಯಿತು, ಶಿಬಿರದಿಂದ ಬರುವ ಸುದ್ದಿಯನ್ನು ನಮ್ಮೂರಿನವರ ಸುದ್ದಿಯೆಂದೇ ಅಚ್ಚು ಹಾಕಿತು. ಕೆಲವು ನೆರೆಯವರು ಹೋದವರ ತೋಟಗಳನ್ನು ನೋಡಿಕೊಂಡರು. ಯುದ್ಧ ಮುಗಿದ ಮೇಲೆ ಹಲವು ಸಂಸಾರಗಳು ಮರಳಿ ಬಂದವು. ಈಗ ಆ ದಕ್ಕೆಯ ಬಳಿ ದೇವದಾರಿನ ಗೋಡೆಯೊಂದರ ಮೇಲೆ ಹೋದವರೆಲ್ಲರ ಹೆಸರುಗಳಿವೆ. ನಗರದಲ್ಲಿ ನಿಮ್ಮನ್ನು ದೂಡುವಾಗ ಗುರುತಿಲ್ಲದವರು ದೂಡುತ್ತಾರೆ, ನಿಮ್ಮ ಪರ ನಿಲ್ಲುವವರೂ ಗುರುತಿಲ್ಲದವರೇ. ದ್ವೀಪದಲ್ಲಿ ಎರಡೂ ಹೆಸರು ಬಲ್ಲವರಿಂದ. ನಮ್ಮ ಹಳ್ಳಿಯಲ್ಲಿ ಹುಟ್ಟಿದವರಿಗೆ ಇದು ಹೊಸ ಅನುಭವವಲ್ಲ.

ಮೊಮ್ಮಗಳ ಕನ್ನಡದ ಗತಿಯೇನೆಂದು ಅಜ್ಜ ಕೇಳದೆ ಬಿಡುವುದಿಲ್ಲ. ನಗರದ ಕಡೆಯಲ್ಲಿ ಸಂಘವಿದೆ, ವಾರಾಂತ್ಯದಲ್ಲಿ ಕನ್ನಡ ತರಗತಿ, ಗಣೇಶನ ಹಬ್ಬ, ಯುಗಾದಿ, ಬಾತೆಲ್ ಎಂಬಲ್ಲಿ ದೇವಸ್ಥಾನ. ದ್ವೀಪಕ್ಕೆ ಹೋದರೆ ಪ್ರತಿಯೊಂದಕ್ಕೂ ದೋಣಿಯ ವೇಳಾಪಟ್ಟಿ ನೋಡಿ ಹೊರಡಬೇಕು, ಊಟದ ಪಂಕ್ತಿ ಏಳುವ ಮುಂಚೆ ಗಡಿಯಾರ ನೋಡಬೇಕು. ಮೊದಲ ವರ್ಷ ಎಲ್ಲಕ್ಕೂ ಹೋಗುತ್ತಾರೆ, ಮೂರನೆಯ ವರ್ಷ ಗಣೇಶನಿಗೆ ಮಾತ್ರ. ಇಷ್ಟಿದ್ದರೂ ಭಾಷೆ ಉಳಿಯುವುದು ಸಂಘದಲ್ಲೇ ಎಂದು ನಾನು ಹೇಳಲಾರೆ. ನಮ್ಮ ಹವ್ಯಕ ಮಾತು ಇಷ್ಟು ಶತಮಾನ ಉಳಿದದ್ದು ಎಲ್ಲಿ? ಮಳೆಗಾಲದಲ್ಲಿ ಬೇರೆ ಯಾರೂ ಮಾತಿಗೆ ಸಿಗದ ಒಂಟಿಮನೆಗಳ ಜಗಲಿಯ ಮೇಲೆ. ಸಂಜೆ ದೋಣಿಯಿಳಿದು ಬಂದ ತಂದೆಗೆ ಮಗಳೊಡನೆ ಹವ್ಯಕದಲ್ಲಿ ಮಾತಾಡುವಷ್ಟು ತ್ರಾಣ ಉಳಿದಿದ್ದರೆ ದ್ವೀಪ ಭಾಷೆಗೆ ಒಳ್ಳೆಯದೇ. ಎರಡು ನೀರು ದಾಟಿ ಬಂದವನಿಗೆ ಆ ತ್ರಾಣ ಇರುವುದೋ ಎಂಬುದು ಸಂದೇಹ.

ದ್ವೀಪವೆಂದರೆ ಎಲ್ಲ ಕಡೆಯೂ ಒಂದೇ ಬಗೆಯೆಂದಲ್ಲ. ನಮ್ಮ ಹಿರಿಯರು ಅದೃಷ್ಟ ಅರಸಿ ಹೋದ ಮುಂಬಯಿ ಮೂಲದಲ್ಲಿ ಏಳು ದ್ವೀಪ. ೧೮೬೨ರಿಂದ ೧೯೫೬ರವರೆಗೆ ನಮ್ಮ ಜಿಲ್ಲೆ ಆ ಮುಂಬಯಿಯ ಆಡಳಿತಕ್ಕೇ ಸೇರಿತ್ತು. ಚೌಪಾಟಿಯಲ್ಲಿ ನಿಂತು ದ್ವೀಪದಲ್ಲಿದ್ದೇನೆಂದು ಯಾರಿಗೂ ತೋರಲಿಲ್ಲ. ಸಿಂಗಪುರ ಇಡಿಯಾಗಿ ದ್ವೀಪ, ಇಡಿಯಾಗಿ ನಗರ. ೧೯೯೬ರಿಂದ ಅಲ್ಲಿ ಕನ್ನಡ ಸಂಘವಿದೆ. ಮುದುಕರು ಒಬ್ಬರೇ ರೈಲು ಹತ್ತಿ ಗುಡಿಗೆ ಹೋಗಿ ಬರುತ್ತಾರೆ. ಅಲ್ಲಿ ಮನೆ ಮಾಡಿದವನಿಗೆ ನಮ್ಮ ಈ ಚರ್ಚೆಯೇ ಬೇಕಾಗಿಲ್ಲ. ಇನ್ನೊಂದು ಕೊನೆಯಲ್ಲಿ ನ್ಯೂಜಿಲೆಂಡಿನ ವೈಹೆಕೆ ದ್ವೀಪ. ಆಕ್ಲಂಡಿನಿಂದ ದೋಣಿಯಲ್ಲಿ ೪೦ ನಿಮಿಷ. ಅಲ್ಲಿಯ ಮನೆಗಳವರು ಮಾಡಿನಿಂದ ಇಳಿಯುವ ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದಿಟ್ಟು ವರ್ಷವಿಡೀ ಬಳಸುತ್ತಾರೆ, ಬೇಸಿಗೆಯಲ್ಲಿ ತೊಟ್ಟಿ ಬತ್ತಿದರೆ ಲಾರಿಯಲ್ಲಿ ತರಿಸುತ್ತಾರೆ. ಅಬ್ಬಿಯ ನೀರಿಗೆ ದಂಬೆ ಕಟ್ಟಿ ಗೊತ್ತಿದ್ದವನಿಗೆ ಅದು ಕಷ್ಟವೆನಿಸದು. ಬೆಂಗಳೂರಿನ ಫ್ಲಾಟಿನಿಂದ ನೇರ ಹೋದವನಿಗೆ ಎನಿಸೀತು.

ನನ್ನ ಅಭಿಪ್ರಾಯ ಕೇಳಿದರೆ ಹೀಗೆ ಹೇಳುತ್ತೇನೆ. ಮಗನ ಕಚೇರಿ ಸಿಯಾಟಲ್ ಪೇಟೆಯೊಳಗಿದ್ದು, ಮನೆ ವಿನ್ಸ್ಲೋದಿಂದ ನಡಿಗೆಯ ದೂರದಲ್ಲಿದ್ದು, ಸೊಸೆಗೆ ದ್ವೀಪದಲ್ಲೇ ಒಂದು ಕೆಲಸವೋ ಒಡನಾಟವೋ ಇದ್ದರೆ ಹೋಗಲಿ. ರೆಡ್ಮಂಡಿನ ಕೆಲಸ, ಕಾಡೊಳಗಿನ ಮನೆ ಎಂದಾದರೆ ಬೇಡ. ಎಷ್ಟು ಚೆಲುವಾಗಿದ್ದರೂ ಬೇಡ. ಮಗು ಹದಿಮೂರು ದಾಟಿದ್ದರೂ ಯೋಚಿಸಬೇಕು, ಆ ವಯಸ್ಸಿನವರಿಗೆ ಗೆಳೆಯರೇ ಊರು. ಇನ್ನು, ಮೊದಲು ಕೊಳ್ಳುವುದೇ ಬೇಡ. ಬಾಡಿಗೆಗೆ ಹಿಡಿದು, ನವೆಂಬರಿನಿಂದ ಫೆಬ್ರವರಿಯವರೆಗೆ ಇದ್ದು ನೋಡಲಿ. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕೂ ಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಜಿನುಗುಮಳೆ, ಬೀಸುಗಾಳಿ, ಗಾಳಿಗೆ ಮರ ಉರುಳಿ ವಿದ್ಯುತ್ತು ಹೋಗುವುದು, ಅಂಥದೊಂದು ರಾತ್ರಿ ಮಗುವಿಗೆ ಜ್ವರ. ಇವಿಷ್ಟನ್ನೂ ಕಂಡ ಮೇಲೆಯೂ "ನಮ್ಮೂರಿನ ಹಾಗೇ ಇದೆ" ಎಂದು ಗಂಡಹೆಂಡಿರಿಬ್ಬರೂ ಹೇಳಿದರೆ ಆ ಮಾತಿಗೆ ಬೆಲೆಯಿದೆ.

ತಂದೆತಾಯಿಯರು ಹೋಗಿ ನೋಡಿ ಬಂದು ಹೇಳುವ ಮಾತಿಗೂ ಇದೇ ಅಡ್ಡಿ. ನಮ್ಮ ತೋಟಿಗರು ಅಮೆರಿಕಕ್ಕೆ ಹೊರಡುವುದು ಯಾವಾಗ? ಕೊಯ್ಲು, ಬೇಯಿಸುವುದು, ಒಣಗಿಸುವುದು ಎಲ್ಲ ಮುಗಿದು ಮಾಲು ಸೊಸೈಟಿಗೆ ಹೋಗುವ ತನಕ ಕದಲುವಂತಿಲ್ಲ. ಕೊನೆಗೌಡ ಸಿಕ್ಕಾಗ ಕೊಯ್ಲು, ಅವನು ಸಿಗುವುದೇ ಒಂದು ಯೋಗ. ಆದುದರಿಂದ ಮಳೆಗಾಲದ ಮದ್ದು ಹೊಡೆಸುವ ಕೆಲಸವನ್ನು ಯಾರಿಗೋ ಒಪ್ಪಿಸಿ, ಏಪ್ರಿಲ್ ಮೇ ಹೊತ್ತಿಗೆ ವಿಮಾನ ಹತ್ತುತ್ತಾರೆ, ದಸರೆಯೊಳಗೆ ಮರಳುತ್ತಾರೆ. ಅವರು ಕಾಣುವುದು ಜುಲೈ ಆಗಸ್ಟಿನ ಬೇನ್‌ಬ್ರಿಜ್: ರಾತ್ರಿ ಒಂಬತ್ತರವರೆಗೆ ಬೆಳಕು, ನೀಲಿ ನೀರು, ದೂರದಲ್ಲಿ ಹಿಮದ ಶ್ರೇಣಿ. ಊರಿನಲ್ಲಿ ಆ ತಿಂಗಳು ಕಂಬಳಿಕೊಪ್ಪೆ ಹೊದ್ದು ಕೊಳೆರೋಗ ಎಣಿಸುತ್ತಿದ್ದವರಿಗೆ ಅದು ಸ್ವರ್ಗವಾಗಿ ಕಂಡರೆ ಸೋಜಿಗವೇನು? ಕೊಂಡುಬಿಡು ಎಂದು ಹೇಳಿ ಬರುತ್ತಾರೆ.

ಈಗ ಅಡಿಕೆಯನ್ನು ಹಸಿಯಾಗಿಯೇ ಮಾರಿ ಸುಲಿಯುವ ಬೇಯಿಸುವ ತಾಪತ್ರಯ ಕಳೆದುಕೊಳ್ಳುವ ವ್ಯವಸ್ಥೆ ನಮ್ಮಲ್ಲಿಯೂ ಬಂದಿದೆ. ಮಗನ ಮನೆಯ ಪ್ರಶ್ನೆ ನಿಜವಾಗಿಯೂ ತೂಗುವಂಥದಾದರೆ, ಒಂದು ವರ್ಷದ ಮಟ್ಟಿಗೆ ಹಾಗೆ ಮಾಡಿ ಡಿಸೆಂಬರಿನಲ್ಲಿ ಹೋಗಿ ಬನ್ನಿ. ಭಾದ್ರಪದದಲ್ಲೇ ಸೊಸೈಟಿಯಲ್ಲಿ ವಿಚಾರಿಸಿಟ್ಟುಕೊಂಡರೆ ಅವಸರವಾಗುವುದಿಲ್ಲ. ಉಣ್ಣೆಯ ಟೊಪ್ಪಿ, ಕಾಲುಚೀಲ, ಕುತ್ತಿಗೆಗೆ ಸುತ್ತುವ ದಪ್ಪ ವಸ್ತ್ರ ಶಿರಸಿ ಪೇಟೆಯಲ್ಲಿಯೂ ಸಿಗುತ್ತವೆ. ಅಲ್ಲಿಗೆ ಹೋಗಿ ಕೊಂಡರಾಯಿತೆಂದು ಬಿಟ್ಟು ಹೊರಡಬೇಡಿ, ವಿಮಾನ ನಿಲ್ದಾಣದಿಂದ ದೋಣಿಯವರೆಗೂ ಚಳಿಯಿರುತ್ತದೆ.